ನಗಿಸುವವನ ಭಾವ

ಆರಿನ್ ಸ್ಟಾಡ್ಲರ್ ತನ್ನ ಮೊದಲ ಹಾಸ್ಯ ಬರಹವನ್ನು ಕಾಗದದ ಮೇಲೆ ಬರೆಯಲೇ ಇಲ್ಲ. ಓಹಾಯೋ ನದಿ ಮೊಣಕೈಯಂತೆ ಬಾಗುವ ಕಡೆ, ಇಂಡಿಯಾನಾದ ದಡದಲ್ಲಿರುವ ವಾರ್ಡ್ಸ್ ಬೆಂಡ್ ಅವನ ಊರು. ಇಪ್ಪತ್ತೆರಡನೆಯ ವಯಸ್ಸಿಗೆ ಆ ಊರಿನ ವಾರಪತ್ರಿಕೆಯಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕಿದ್ದ. ೧೮೯೬ರ ಒಂದು ಗುರುವಾರ, ಮೂರನೆಯ ಪುಟಕ್ಕೆ ಬರಬೇಕಿದ್ದ ಕೆಮ್ಮಿನ ಔಷಧಿಯ ಜಾಹೀರಾತು ಬರಲಿಲ್ಲ. ಪುಟದ ನಡುವೆ ಅಂಗೈಯಗಲದ ಜಾಗ ಬಾಯಿ ತೆರೆದುಕೊಂಡು ಕೂತಿತು.

"ಏನಾದ್ರೂ ತುಂಬ್ಸಯ್ಯಾ ಅಲ್ಲಿ," ಎಂದರು ಸಂಪಾದಕ ಏಸಾ ಟಾಲಿವರ್. "ಖಾಲಿ ಬಿಟ್ರೆ ನಾನು ಸತ್ತೇ ಹೋದೆ ಅಂತ ಊರೋರು ಹೂವು ತಗೊಂಡು ಬಂದುಬಿಡ್ತಾರೆ."

ಆರಿನ್‌ಗೆ ಎರಡು ದಿನದ ಹಿಂದೆ ತನ್ನ ಭಾವ ಮಾಡಿಕೊಂಡ ಪಡಿಪಾಟಲು ನೆನಪಾಯಿತು. ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ನೇರವಾಗಿ ಅದನ್ನೇ ಜೋಡಿಸಿದ.

ಭಾವನ ಹೆಸರು ಎಮೆಟ್ ಗ್ರೈಸ್. ಜನರನ್ನೂ ಗಾಡಿಗಳನ್ನೂ ಚಪ್ಪಟೆ ದೋಣಿಯಲ್ಲಿ ಆಚೆಯ ಕೆಂಟಕಿ ದಡಕ್ಕೆ ದಾಟಿಸುವುದು ಅವನ ಕಸುಬು. ಅಂದು ಒಂದು ಹೇಸರಗತ್ತೆ ದೋಣಿ ಹತ್ತಲೊಲ್ಲದೆ ನಿಂತುಬಿಟ್ಟಿತ್ತು. ನೀರು ಕಂಡರೆ ಅದಕ್ಕೆ ಹೆದರಿಕೆ, ನೀರು ಕಾಣದ ಹಾಗೆ ಮಾಡಿದರಾಯಿತು ಎಂದು ಎಮೆಟ್ ಲೆಕ್ಕ ಹಾಕಿದ. ಕೈಗೆ ಸಿಕ್ಕಿದ್ದು ಹೆಂಡತಿ ಭಾನುವಾರ ಚರ್ಚಿಗೆ ಹಾಕುವ ಟೋಪಿ. ಅದನ್ನು ಕತ್ತೆಯ ಕಣ್ಣಿನ ಮೇಲೆ ಇಳಿಬಿಟ್ಟು ದಾರ ಕಟ್ಟಿದ. ಲೆಕ್ಕ ಸರಿಯಾಗಿಯೇ ಇತ್ತು. ಕತ್ತೆ ಗಂಭೀರವಾಗಿ ದೋಣಿ ಹತ್ತಿತು, ಅಷ್ಟೇ ಗಂಭೀರವಾಗಿ ದೋಣಿಯ ಉದ್ದಕ್ಕೂ ನಡೆಯಿತು, ಆ ಕೊನೆಯಿಂದ ನದಿಗೆ ಇಳಿದೇಬಿಟ್ಟಿತು. ಈಜಿ ಕೆಂಟಕಿ ಸೇರಿದ ಕತ್ತೆಯನ್ನು ನೋಡಿದ ಮುದುಕಿಯೊಬ್ಬಳು, ಇಷ್ಟು ಲಕ್ಷಣವಾಗಿ ಟೋಪಿ ಹಾಕಿಕೊಂಡು ಈ ಕಡೆಗೆ ಇನ್ನೂ ಯಾರೂ ಬಂದಿರಲಿಲ್ಲ ಅಂದಳಂತೆ.

ಶನಿವಾರ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಎಮೆಟ್.

"ಲೋ ಆರಿ, ಆ ಮುದುಕಿ ಮಾತು ನಿಜವೇನೋ?"

"ಅದು ನಾನು ಸೇರಿಸಿದ್ದು ಭಾವ."

"ಸೇರಿಸಿದ್ದೇ ಚೆನ್ನಾಗಿದೆ ಬಿಡು," ಎಂದು ಎಮೆಟ್ ಕಣ್ಣೊರೆಸಿಕೊಂಡ.

ನಗದೆ ಇದ್ದವಳು ಲೂಯೆಲ್ಲಾ ಒಬ್ಬಳೇ, ಟೋಪಿ ಅವಳದು. ಲೂಯೆಲ್ಲಾ ಆರಿನ್‌ನ ಅಕ್ಕ. ಅವನಿಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಕುದುರೆ ಜೀನು ಹೊಲಿಯುತ್ತಿದ್ದ ಅಪ್ಪ ಮಾತೇ ಮರೆತವನಂತೆ ಆಗಿಬಿಟ್ಟ. ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಎಮೆಟ್‌ನನ್ನು ಮದುವೆಯಾಗುವಾಗಲೂ, "ತಮ್ಮನೂ ನನ್ನ ಜೊತೆ ಬರ್ತಾನೆ, ಒಪ್ಪಿಗೆ ಇದ್ರೆ ಹೇಳಿ," ಎಂದಿದ್ದಳು. ಎಮೆಟ್ ಮರುಮಾತಿಲ್ಲದೆ ಒಪ್ಪಿದ್ದ. ಹುಡುಗನಿಗೆ ಈಜು ಕಲಿಸಿದವನು, ಜೋಳದ ರೊಟ್ಟಿಯಲ್ಲಿ ದೊಡ್ಡ ತುಂಡನ್ನು ಅವನ ತಟ್ಟೆಗೆ ಸರಿಸಿದವನು ಆ ಭಾವನೇ.

ಬರಹ ನಿಲ್ಲಲಿಲ್ಲ. ಎಮೆಟ್‌ಗೆ ಒಂದಲ್ಲ ಒಂದು ಹೊಸ ಯೋಚನೆ ಹೊಳೆಯುತ್ತಲೇ ಇರುತ್ತಿತ್ತು. ಗಾಳಿ ಬೀಸಿದರೆ ತಾನೇ ಹೊಡೆದುಕೊಳ್ಳುವ ಚರ್ಚಿನ ಗಂಟೆ ಮಾಡಿದ. ಬಿರುಗಾಳಿಯ ದಿನ ಅದು ಸಂಜೆಯವರೆಗೂ ಬಡಿದುಕೊಂಡು, ಯಾರದೋ ಮನೆಗೆ ಬೆಂಕಿ ಬಿತ್ತೆಂದು ಮೂರು ಹಳ್ಳಿಯವರು ಬಕೆಟ್ಟು ಹಿಡಿದು ಓಡಿಬಂದರು. ಮೊಟ್ಟೆಯಿಟ್ಟ ಕೋಳಿಯನ್ನು ಮೆಲ್ಲಗೆ ಹೊರಗೆ ತಳ್ಳುವ ಗೂಡು ಮಾಡಿದ. ಕೋಳಿಗಳೆಲ್ಲ ಮುನಿಸಿಕೊಂಡು ಪಕ್ಕದ ಮನೆ ಸೇರಿದವು. ಎಲ್ಲವೂ ಅಚ್ಚಾದವು. ಬರಹದಲ್ಲಿ ಮಾತ್ರ ಎಮೆಟ್‌ನ ಹೆಸರು ಜೂಬಲ್. 'ನಮ್ಮ ಭಾವ ಜೂಬಲ್' ಎಂಬ ತಲೆಬರಹ ಊರಿಂದೂರಿಗೆ ಹಬ್ಬಿತು. ೧೯೦೧ರಲ್ಲಿ ಶಿಕಾಗೋದ ದೊಡ್ಡ ಪತ್ರಿಕೆಯೊಂದು ಆರಿನ್‌ನನ್ನು ಕರೆಸಿಕೊಂಡಿತು. ಲೂಯೆಲ್ಲಾ ಅವನ ಕೋಟಿಗೆ ಗುಂಡಿ ಹೊಲಿದು, ಸೇಬಿನ ಮುರಬ್ಬದ ಜಾಡಿ ಕಟ್ಟಿ ರೈಲು ಹತ್ತಿಸಿದಳು.

ಅಲ್ಲಿಂದ ಮುಂದೆ ಹತ್ತು ವರ್ಷ ಆರಿನ್ ಹಿಂದೆ ತಿರುಗಿ ನೋಡಲಿಲ್ಲ. ಪುಸ್ತಕಗಳು ಬಂದವು. ಊರೂರಿನ ಸಭಾಂಗಣಗಳಿಂದ ಕರೆ ಬಂತು. ವೇದಿಕೆಯ ಮೇಲೆ ಅವನು ಕುರ್ಚಿಯ ಬೆನ್ನಿಗೊಂದು ಕೈಯಿಟ್ಟು, ಸಾವಿನ ಸುದ್ದಿ ಹೇಳಲು ಬಂದವನ ಮುಖ ಹೊತ್ತು ನಿಲ್ಲುತ್ತಿದ್ದ. ದನಿ ಏರಿಸುತ್ತಿರಲಿಲ್ಲ, ತುಟಿ ಅರಳಿಸುತ್ತಿರಲಿಲ್ಲ. "ನಮ್ಮ ಭಾವ ಮೊನ್ನೆ ಒಂದು ಏಣಿ ಕೊಂಡ," ಅನ್ನುವಷ್ಟರಲ್ಲಿ ಸಾವಿರ ಜನ ಕುರ್ಚಿಯಿಂದ ಜಾರಿರುತ್ತಿದ್ದರು. ಪಿಟ್ಸ್‌ಬರ್ಗಿನಲ್ಲಿ, ಒಮಾಹಾದಲ್ಲಿ, ಅಟ್ಲಾಂಟಾದಲ್ಲಿ ರೈಲಿಳಿದರೆ ಕೂಲಿಯವರೂ ಕೇಳುತ್ತಿದ್ದರು: "ಜೂಬಲ್ ಹೆಂಗಿದಾನೆ ಸ್ವಾಮಿ?"

ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿಗೆ ಊರಿಗೆ ಹೋಗಿ ಬರುವವನಿಗೆ ವಾರಕ್ಕೊಂದು ಭಾವನ ಕತೆ ಎಲ್ಲಿಂದ ಸಿಗಬೇಕು? ಹುಟ್ಟಿಸಿಕೊಂಡ. ನಿಜದ ಎಮೆಟ್ ಹತ್ತು ಯೋಚನೆ ಮಾಡಿದರೆ ಮೂರಾದರೂ ಕೈಗೂಡುತ್ತಿದ್ದವು. ಜೂಬಲ್‌ನದು ಒಂದೂ ಕೈಗೂಡುತ್ತಿರಲಿಲ್ಲ. ವರ್ಷ ಕಳೆದ ಹಾಗೆ ಜೂಬಲ್ ಇನ್ನಷ್ಟು ದಡ್ಡನಾದ, ಇನ್ನಷ್ಟು ಜಂಬಗಾರನಾದ. ಜನ ಇನ್ನಷ್ಟು ನಕ್ಕರು.

ಇತ್ತ ವಾರ್ಡ್ಸ್ ಬೆಂಡಿಗೆ ಸ್ಟೀಮರಿನಲ್ಲಿ ಜೂಬಲ್‌ನನ್ನು ನೋಡಲೆಂದೇ ಜನ ಬರತೊಡಗಿದರು. "ಏ ಜೂಬಲ್, ಏನಾದ್ರೂ ಮಾಡಿ ತೋರ್ಸಪ್ಪಾ!" ಎಂದು ದಡದಿಂದ ಕೂಗುವರು. ಎಮೆಟ್ ಮೊದಮೊದಲು ಹಲಗೆಯ ಮೇಲೆ ಬೇಕೆಂದೇ ಎಡವಿ ತೋರಿಸುತ್ತಿದ್ದ. ಆಮೇಲೆ ಸುಮ್ಮನೆ ಹುಟ್ಟು ಹಾಕತೊಡಗಿದ. ಅದಕ್ಕೂ ಜನ ನಕ್ಕರು. ಇದ್ಯಾವುದನ್ನೂ ಅವನು ಭಾವಮೈದನಿಗೆ ತಿಳಿಸಲಿಲ್ಲ.

೧೯೧೧ರ ಚಳಿಗಾಲವೆಲ್ಲ ಎಮೆಟ್ ಕಂದು ಕಾಗದದ ಮೇಲೆ ಗೆರೆ ಎಳೆಯುತ್ತ ಕೂತ. ಓಹಾಯೋ ನದಿ ಬೇಸಿಗೆಯಲ್ಲಿ ಒಂದು ಮಟ್ಟ, ವಸಂತದಲ್ಲಿ ಮೂರಾಳು ಮೇಲೆ. ದೋಣಿ ಹತ್ತಿ ಇಳಿಯುವ ಊರಿನ ದಕ್ಕೆಯೋ ನೆಲಕ್ಕೆ ಹೂತದ್ದು. ನೀರು ಇಳಿದರೆ ಜನ ಕೆಸರಿನಲ್ಲಿ ಜಾರುತ್ತ ದೋಣಿಗೆ ಬರಬೇಕು, ಏರಿದರೆ ದಕ್ಕೆಯೇ ಮುಳುಗಬೇಕು. ಹಿಂದಿನ ವರ್ಷದ ನೆರೆಯಲ್ಲಿ ಕೆಳಬೀದಿಯ ಬಾಣಂತಿಯೊಬ್ಬಳನ್ನು ದೋಣಿಗೆ ಹತ್ತಿಸಲಾಗದೆ ಎಮೆಟ್ ಎದೆಮಟ್ಟದ ನೀರಿನಲ್ಲಿ ನಿಂತಿದ್ದ. ಹೆಂಗಸು ಉಳಿದಳು, ಕೂಸು ಉಳಿಯಲಿಲ್ಲ. ಅದು ಅವನ ಮನಸ್ಸಿನಿಂದ ಹೋಗಿರಲಿಲ್ಲ. ಈಗ ಹೊಳೆದ ಯೋಚನೆ ಸರಳವಾಗಿತ್ತು. ಎತ್ತರದ ಓಕ್ ಕಂಬಗಳನ್ನು ನೆಡುವುದು. ಖಾಲಿ ಪೀಪಾಯಿಗಳ ಮೇಲೆ ಹಲಗೆ ಹಾಸಿ, ಕಬ್ಬಿಣದ ಬಳೆಗಳಿಂದ ಕಂಬಕ್ಕೆ ತೊಡಿಸುವುದು. ನೀರು ಏರಿದರೆ ದಕ್ಕೆಯೂ ಏರುತ್ತದೆ, ಇಳಿದರೆ ಇಳಿಯುತ್ತದೆ.

ಕಾಗದ ಸುತ್ತಿಕೊಂಡು, ಒಳ್ಳೆಯ ಕೋಟು ತೊಟ್ಟು, ಊರಿನ ಕಾಮಗಾರಿಗೆ ಹಣ ಕೊಡುವ ಕೌಂಟಿ ಮಂಡಳಿಯ ಮುಂದೆ ಹೋದ. "ನನಗೊಂದು ಯೋಚನೆ ಬಂದಿದೆ," ಎಂದ. ಅಷ್ಟೇ. ಇಡೀ ಕೋಣೆ ಗೊಳ್ಳೆಂದಿತು. ಹಿಂದಿನ ಬೆಂಚಿನಿಂದ ಯಾರೋ ಕತ್ತೆಯ ಹಾಗೆ ಅರಚಿದರು. ಮಂಡಳಿಯ ಅಧ್ಯಕ್ಷ ಮೇಬ್ರಿ ಮೇಜು ಬಡಿದು ಸದ್ದಡಗಿಸಲು ಹೋಗಿ ತಾನೇ ಬಿದ್ದು ಬಿದ್ದು ನಕ್ಕ. "ಕ್ಷಮಿಸಪ್ಪಾ ಜೂಬಲ್... ಅಲ್ಲ, ಎಮೆಟ್. ಹೇಳು ಹೇಳು, ಇದ್ರಲ್ಲಿ ಟೋಪಿ ಎಲ್ಲಿ ಬರುತ್ತೆ?" ಎಮೆಟ್ ಕಾಗದವನ್ನು ಸುತ್ತಿ, ಎಲ್ಲರಿಗೂ ವಂದನೆ ಹೇಳಿ ಹೊರಗೆ ಬಂದ.

ಮರುದಿನವೇ ಲೂಯೆಲ್ಲಾ ಶಿಕಾಗೋದ ರೈಲು ಹತ್ತಿದಳು. ಜೀವಮಾನದಲ್ಲಿ ಅಷ್ಟು ದೂರ ಹೋದವಳಲ್ಲ. ಹೋಟೆಲಿನ ಕೋಣೆಯಲ್ಲಿ ತಮ್ಮ ತೋರಿಸಿದ ಮೆತ್ತನೆಯ ಕುರ್ಚಿಯಲ್ಲಿ ಕೂರಲಿಲ್ಲ.

"ಏನಕ್ಕಾ, ಹೇಳದೆ ಕೇಳದೆ? ಭಾವ ಹುಷಾರಾಗಿದಾರೆ ತಾನೆ?"

"ಯಾವ ಭಾವ? ನೀನು ಬರೆಯೋ ಭಾವನೋ, ನನ್ನ ಗಂಡನೋ?"

ಆರಿನ್ ನಕ್ಕ. ಅವಳು ನಗಲಿಲ್ಲ. ಮಂಡಳಿಯಲ್ಲಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

"ಅವ್ರು ಬಾಯಿ ತೆಗೆದ್ರೆ ಸಾಕು, ಜನ ನಗ್ತಾರೆ ಕಣೋ. ಅಂಗಡಿಗೆ ಹೋಗಿ ಮೊಳೆ ಕೊಡಿ ಅಂದ್ರೂ ನಗ್ತಾರೆ. ಹೋದ ತಿಂಗಳು ಅವರ ಅಣ್ಣ ಸತ್ತಾಗ ಸಮಾಧಿ ಹತ್ರ ನಿಂತು ಎರಡು ಮಾತಾಡೋಕೆ ಹೋದ್ರು. ಅಲ್ಲೂ ಯಾರೋ ಕಿಸಕ್ ಅಂದ್ರು. ಅವತ್ತಿಂದ ಮನೇಲೂ ಮಾತು ಕಮ್ಮಿ ಆಗಿದೆ. ನಿನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ತಿರುಗಿದ ಮನುಷ್ಯ ಅದು. ಅವರ ಬಾಯಿಗೆ ಬೀಗ ಜಡಿದೆಯಲ್ಲೋ ಆರಿ!"

"ನಾನು ಅವರ ಹೆಸರೇ ಹಾಕಿಲ್ವಲ್ಲಕ್ಕಾ..."

"ಹೆಸರು ಹಾಕಿಲ್ಲ. ಮುಖ ಹಾಕಿದೀಯ, ನಡಿಗೆ ಹಾಕಿದೀಯ, ನನ್ನ ಟೋಪಿನೂ ಹಾಕಿದೀಯ."

ಅಷ್ಟು ಹೇಳಿ ಅವಳು ಸಂಜೆಯ ರೈಲಿಗೆ ಹೊರಟುಹೋದಳು. ಕಾಫಿಯನ್ನೂ ಮುಟ್ಟಲಿಲ್ಲ.

ಆರಿನ್ ಒಂದು ವಾರ ಪೆನ್ನು ಹಿಡಿಯಲಿಲ್ಲ. ಆಮೇಲೆ, ಜೂಬಲ್ ಇಲ್ಲವಾದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ. ಜೂಬಲ್ ನಿದ್ದೆಯಲ್ಲೇ ಶಾಂತವಾಗಿ ತೀರಿಕೊಂಡನೆಂದು ಬರೆದು ಅಚ್ಚಿಗೆ ಕಳಿಸಿದ. ಅದನ್ನು ಬರೆಯುವಾಗ ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಹದಿನೈದು ದಿನದಲ್ಲಿ ಎಮೆಟ್ ಗ್ರೈಸ್‌ನ ಜಗಲಿ ಹೂಮಾಲೆಗಳಿಂದ ತುಂಬಿಹೋಯಿತು. ಕಪ್ಪು ಅಂಚಿನ ಪತ್ರಗಳು ಮೂಟೆಗಟ್ಟಲೆ ಬಂದವು. ದೂರದ ನೆಬ್ರಾಸ್ಕಾದಿಂದ ಒಬ್ಬಾಕೆ, ಅವನ ಬಡ ಹೆಂಡತಿಗೆಂದು ಹಣ್ಣಿನ ಕೇಕು ಕಳಿಸಿದ್ದಳು. ಊರ ಹುಡುಗರು ಬೇಲಿ ಹತ್ತಿ, "ಹೆಣ ಹುಟ್ಟು ಹಾಕ್ತಾ ಇದೆ, ಬನ್ರೋ!" ಎಂದು ಕೂಗಿದರು. ಲೂಯೆಲ್ಲಾಳ ತಂತಿ ಶಿಕಾಗೋ ತಲುಪಿತು: 'ಸಾಯಿಸಿದ್ದು ಸಾಕು. ಬಾ.'

ಅವನು ಬಂದಾಗ ಎಮೆಟ್ ಜಗಲಿಯ ಮೇಲೆ ಹಗ್ಗ ಹೆಣೆಯುತ್ತಿದ್ದ. ಎದ್ದು ನಿಂತ.

"ಬನ್ನಿ ಸ್ಟಾಡ್ಲರ್ ಅವ್ರೇ, ಕೂತ್ಕೊಳ್ಳಿ. ಪ್ರಯಾಣ ಸುಖವಾಯ್ತೇ?"

ಆರಿನ್‌ಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ಹುಟ್ಟಿ ಬುದ್ಧಿ ತಿಳಿದಾಗಿನಿಂದ 'ಲೋ ಆರಿ' ಬಿಟ್ಟರೆ ಬೇರೊಂದು ಮಾತಿನಿಂದ ಕರೆಯದ ಬಾಯಿ ಅದು. ಊಟಕ್ಕೆ ಕೂತಾಗಲೂ ಅಷ್ಟೇ. "ಮೀನು ತಗೊಳ್ಳಿ. ಉಪ್ಪು ಸರಿ ಇದೆಯಾ?" ಬೈದಿದ್ದರೆ ಉಣ್ಣಬಹುದಿತ್ತು.

ನಾಲ್ಕನೆಯ ದಿನ ಆರಿನ್ ಆ ಕಂದು ಕಾಗದವನ್ನು ಅಕ್ಕನಿಂದ ಕೇಳಿ ಪಡೆದ. ಕೂತು ಓದಿದ. ಅವನಿಗೂ ನದಿ ಗೊತ್ತಿತ್ತು. ಯೋಚನೆ ಸರಿಯಾಗಿದೆ ಎಂದು ತಿಳಿಯಿತು. ಅದನ್ನು ಹಿಡಿದು ತಾನೇ ಕೌಂಟಿ ಮಂಡಳಿಗೆ ಹೋದ. ದೇಶಕ್ಕೇ ಗೊತ್ತಿರುವ ಆರಿನ್ ಸ್ಟಾಡ್ಲರ್ ಬಂದಿದ್ದಾನೆಂದು, ಮಂಡಳಿ ಸೇರುವ ಕೋರ್ಟು ಕಟ್ಟಡ ಕಿಕ್ಕಿರಿದು ತುಂಬಿತು. ಅವನು ಕುರ್ಚಿಯ ಬೆನ್ನಿಗೊಂದು ಕೈಯಿಟ್ಟು ನಿಂತ.

"ನಮ್ಮ ಭಾವ ಒಂದು ದಕ್ಕೆ ಯೋಚಿಸಿದಾರೆ," ಎಂದ.

ಚಪ್ಪಾಳೆ ಬಿತ್ತು. ಮೇಬ್ರಿ ಆಗಲೇ ಕರವಸ್ತ್ರ ತೆಗೆದಿದ್ದ.

"ಖಾಲಿ ಪೀಪಾಯಿಗಳ ಮೇಲೆ ಅದು ನಿಲ್ಲುತ್ತೆ."

ಹೆಂಗಸರು ಕಿರುಚಿ ನಕ್ಕರು.

"ದಯವಿಟ್ಟು ಕೇಳಿ. ನಾನು ತಮಾಷೆ ಮಾಡ್ತಾ ಇಲ್ಲ."

ಅಷ್ಟೊಂದು ನಗೆ ಅವನಿಗೆ ಯಾವ ಸಭಾಂಗಣದಲ್ಲೂ ಸಿಕ್ಕಿರಲಿಲ್ಲ. ಅವನ ಬೆವರು, ಅವನ ತಡವರಿಕೆ, ಅವನ ಸಿಟ್ಟು ಎಲ್ಲವೂ ಅವರಿಗೆ ಆಟವೇ ಆಯಿತು. ಸತ್ತುಹೋದ ಆ ಕೂಸಿನ ಮಾತೆತ್ತಿದಾಗಲೂ ಯಾರೋ ಒಬ್ಬ ನಕ್ಕ. ಅಲ್ಲಿಗೆ ಆರಿನ್ ಕಾಗದ ಮಡಿಸಿದ. "ಪ್ರಚಂಡ ಕಣಯ್ಯಾ ನೀನು! ಮುಂದಿನ ವಾರವೂ ಬಾ," ಎಂದು ಮೇಬ್ರಿ ಬೆನ್ನು ತಟ್ಟಿ ಕಳಿಸಿದ.

ಹೊರಗೆ ಮೆಟ್ಟಿಲ ಮೇಲೆ ಎಮೆಟ್ ಕೂತಿದ್ದ. ಕಿಟಕಿ ತೆರೆದಿತ್ತು, ಅವನಿಗೆ ಎಲ್ಲವೂ ಕೇಳಿಸಿತ್ತು. ಆರಿನ್ ಬಂದು ಪಕ್ಕದಲ್ಲಿ ಕುಸಿದ.

"ಈಗ ಗೊತ್ತಾಯ್ತೇನೋ ಆರಿ?" ಎಂದ ಎಮೆಟ್.

"ಗೊತ್ತಾಯ್ತು ಭಾವ."





"ಹ್ಞೂಂ. ನಡಿ, ನಿಮ್ಮಕ್ಕ ಕಾಯ್ತಿರ್ತಾಳೆ. ಊಟಕ್ಕೆ ತಡವಾದ್ರೆ ನಮ್ಮಿಬ್ಬರನ್ನೂ ನಿಜವಾಗ್ಲೂ ಸಾಯಿಸ್ತಾಳೆ."

ಮುಂದಿನ ಬೇಸಿಗೆ ಆರಿನ್ ಒಂದು ಭಾಷಣಕ್ಕೂ ಹೋಗಲಿಲ್ಲ. ಇಬ್ಬರೂ ಸೇರಿ ತಾವೇ ದಕ್ಕೆ ಕಟ್ಟಿದರು. ಹತ್ತು ವರ್ಷ ಪೆನ್ನು ಬಿಟ್ಟು ಬೇರೇನೂ ಹಿಡಿಯದ ಆರಿನ್‌ನ ಅಂಗೈಯೆಲ್ಲ ಬೊಬ್ಬೆ ಎದ್ದಿತು. "ಸುತ್ತಿಗೆ ಹಂಗಲ್ಲ ಕಣೋ ಹಿಡಿಯೋದು, ಅದೇನು ಸಭೇಲಿ ಹಿಡ್ಕೊಳ್ಳೋ ಗುಲಾಬಿಯೇ?" ಎಂದು ಎಮೆಟ್ ಬೈಯುತ್ತಿದ್ದ. ಬೈಸಿಕೊಂಡಷ್ಟೂ ಆರಿನ್‌ಗೆ ಜೀವ ಬಂದ ಹಾಗೆ ಆಗುತ್ತಿತ್ತು. ದಡದ ಮೇಲೆ ಜನ ಬುತ್ತಿ ಕಟ್ಟಿಕೊಂಡು ಬಂದು ಕೂತು ನಕ್ಕರು. ಇವರು ತಲೆ ಎತ್ತಲಿಲ್ಲ.

೧೯೧೩ರ ಮಾರ್ಚಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಯ್ದು ಓಹಾಯೋ ಉಕ್ಕಿತು. ಹಳೆಯ ದಕ್ಕೆ ಮೊದಲ ಬೆಳಗ್ಗೆಯೇ ಮುಳುಗಿತು. ಎಮೆಟ್‌ನ ದಕ್ಕೆ ನರಳುತ್ತ, ಕಿರುಗುಟ್ಟುತ್ತ, ಬಳೆಬಳೆಯಾಗಿ ಕಂಬ ಹತ್ತಿತು. ಕೆಳಬೀದಿಯ ಜನ ಕೌದಿ ಹೊದ್ದು, ಗಡಿಯಾರ, ಬೆಕ್ಕು, ಕೂಸುಗಳನ್ನು ಎತ್ತಿಕೊಂಡು ಅದರ ಮೇಲೆ ಒಣಗಾಲಿನಲ್ಲಿ ನಡೆದು ದೋಣಿ ಹತ್ತಿದರು. ಎಮೆಟ್ ದೋಣಿಯಲ್ಲಿ, ಆರಿನ್ ದಕ್ಕೆಯ ಅಂಚಿನಲ್ಲಿ. ಎರಡು ದಿನ ಇಬ್ಬರೂ ಕೈ ಬಿಡಲಿಲ್ಲ. ಮೇಬ್ರಿ ತನ್ನ ಮುದಿ ತಾಯಿಯನ್ನು ಬೆನ್ನ ಮೇಲೆ ಹೊತ್ತು ಬಂದ.

"ಎಡಗಡೆ ಕಾಲಿಡಿ. ಆ ಹಲಗೆ ಜಾರುತ್ತೆ," ಎಂದ ಎಮೆಟ್.

ಮೇಬ್ರಿ ಎಡಗಡೆಯೇ ಕಾಲಿಟ್ಟ. ಯಾರೂ ನಗಲಿಲ್ಲ.

ಮೂರನೆಯ ದಿನ ಮರದ ದಿಮ್ಮಿಯೊಂದು ಬಡಿದು ಕಬ್ಬಿಣದ ಬಳೆಗಳು ಮುರಿದವು. ಅರ್ಧ ದಕ್ಕೆ ನದಿಯ ಪಾಲಾಯಿತು. ಅಷ್ಟರಲ್ಲಿ ಎಲ್ಲರೂ ಕ್ಷೇಮವಾಗಿ ದಾಟಿ, ಕೆಳಬೀದಿಯಲ್ಲಿ ಒಂದು ನರಪಿಳ್ಳೆಯೂ ಉಳಿದಿರಲಿಲ್ಲ. ಮರುವರ್ಷ ಕೌಂಟಿಯವರು ಅದೇ ನಮೂನೆಯಲ್ಲಿ ಗಟ್ಟಿಯಾದ ದಕ್ಕೆ ಕಟ್ಟಿಸಿದರು. ಅದರ ಹಿತ್ತಾಳೆ ಫಲಕದ ಮೇಲೆ ಇಂಜಿನಿಯರನ ಹೆಸರು ಕೆತ್ತಿದರು. ಲೂಯೆಲ್ಲಾ ಆ ಫಲಕದ ಮುಂದೆ ಹಾದಾಗಲೆಲ್ಲ ಮುಖ ತಿರುಗಿಸುವಳು. ಎಮೆಟ್ ಮಾತ್ರ, "ಹೋಗ್ಲಿ ಬಿಡೇ. ಈಗ ಅಂಗಡೀಲಿ ಮೊಳೆ ಕೇಳಿದ್ರೆ ಮೊಳೆ ಕೊಡ್ತಾರೆ," ಅನ್ನುತ್ತಿದ್ದ.

ಆರಿನ್ ಶಿಕಾಗೋಗೆ ಮರಳಿ ಬರೆಯತೊಡಗಿದ. ಜೂಬಲ್‌ನನ್ನು ಮತ್ತೆ ಎಬ್ಬಿಸಲಿಲ್ಲ. ತನ್ನ ಪುಕ್ಕಲುತನ, ತನ್ನ ಜಂಬ, ತನ್ನ ಅಂಗೈಯ ಬೊಬ್ಬೆ, ಇಂಥವನ್ನೇ ಬರೆದ. ಬರಹ ಕೆಟ್ಟದಾಗಿರಲಿಲ್ಲ. ಆದರೆ ಓದುಗರಿಗೆ ಬೇಕಾಗಿದ್ದವನು ಬೇರೆ. 'ಜೂಬಲ್ ಯಾವಾಗ ಏಳ್ತಾನೆ?' ಎಂದೇ ಪತ್ರಗಳು. ಸಭಾಂಗಣದಲ್ಲಿ ಹಿಂದಿನ ಸಾಲುಗಳು ಖಾಲಿಯಾದವು, ಆಮೇಲೆ ನಡುವಿನವೂ. ಎರಡು ವರ್ಷ ನೋಡಿ ಪತ್ರಿಕೆಯವರು ಮರ್ಯಾದೆಯಿಂದಲೇ ಬೀಳ್ಕೊಟ್ಟರು. ಅವನು ಮದುವೆಯಾಗಿರಲಿಲ್ಲ. ಎರಡು ಪೆಟ್ಟಿಗೆ ಹಿಡಿದು ವಾರ್ಡ್ಸ್ ಬೆಂಡಿಗೆ ಬಂದ. ಟಾಲಿವರ್ ತೀರಿಕೊಂಡಿದ್ದರು, ಅವರ ವಾರಪತ್ರಿಕೆ ಯಾರಿಗೂ ಬೇಡವಾಗಿ ಬಿದ್ದಿತ್ತು. ಅದನ್ನು ಕೈಗೆತ್ತಿಕೊಂಡ.

ಊರಿನವರ ಬಗ್ಗೆ ಬರೆಯುವುದನ್ನು ಅವನು ಬಿಡಲಿಲ್ಲ. ಬಿಟ್ಟರೆ ಅವನು ಬದುಕುವವನಲ್ಲ. ಆದರೆ ಅಚ್ಚಿಗೆ ಮೊದಲು ಆಯಾ ಮನೆಗೆ ಹೋಗಿ ಓದಿ ಕೇಳಿಸುತ್ತಿದ್ದ. ಅದೇನು ಸುಲಭದ ಕೆಲಸವೇ? ಬೇಕರಿಯ ವಿಧವೆ ತನ್ನನ್ನು ಇನ್ನೊಂದು ಸ್ವಲ್ಪ ತೆಳ್ಳಗೆ ಬರೆಯಬೇಕೆಂದು ಹಟ ಹಿಡಿದಳು. ಕಮ್ಮಾರ, ಕತೆಯಲ್ಲಿ ಬರುವ ಜಗಳದಲ್ಲಿ ತಾನೇ ಗೆಲ್ಲಬೇಕೆಂದ. ಸೋತವನ ಮನೆಗೂ ಹೋಗಿ ಕೇಳಬೇಕಲ್ಲ. ಎಷ್ಟೋ ಒಳ್ಳೆಯ ಕತೆಗಳು ಹಾಗೇ ಉಳಿದುಹೋದವು. ಕೆಲವು ದಿನ ಆ ದೊಡ್ಡ ಸಭಾಂಗಣದ ನಗೆ ಕಿವಿಯಲ್ಲಿ ಮೊಳಗಿ ಆರಿನ್‌ಗೆ ಅನ್ನ ಸೇರುತ್ತಿರಲಿಲ್ಲ. ಒಮ್ಮೆ ಸ್ಟೀಮರಿನಿಂದ ಇಳಿದ ಒಬ್ಬ ವ್ಯಾಪಾರಿ ಅವನ ಹೆಸರು ಕೇಳಿ, "ಸ್ಟಾಡ್ಲರಾ? ಆ ಜೀನಿನ ಅಂಗಡಿಯವರೇನು?" ಎಂದ. ಅವತ್ತು ಮನೆಗೆ ಬಂದವನು ಕತ್ತಲಾಗುವ ತನಕ ಸೌದೆ ಒಡೆದ.

ಭಾವನ ಬಗ್ಗೆ ಮಾತ್ರ ಒಂದು ಸಾಲನ್ನೂ ಬರೆಯಲಿಲ್ಲ. ಎಮೆಟ್ ಕೇಳಲೂ ಇಲ್ಲ. ಹಾಗೇ ಒಂಬತ್ತು ವರ್ಷ ಕಳೆಯಿತು.

೧೯೨೪ರ ಒಂದು ಭಾನುವಾರ ಮಧ್ಯಾಹ್ನ, ಹೊಗೆಯ ವಾಸನೆ ಹೊತ್ತ ಎಮೆಟ್ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅರವತ್ತೇಳರ ಮುದುಕ, ಹುಬ್ಬಿನ ತನಕ ಮಸಿ, ಕೈಯಲ್ಲಿ ಕಿತ್ತು ತಂದ ಬಾಗಿಲ ಹಲಗೆ.

"ಎಲ್ಲಿ ಹಾಳಾಗಿ ಹೋಗಿದ್ರಿ? ಚರ್ಚಲ್ಲೂ ಕಾಣಲಿಲ್ಲ!" ಎಂದಳು ಲೂಯೆಲ್ಲಾ.

"ಹಂದಿ ಮಾಂಸಕ್ಕೆ ಹೊಗೆ ಹಾಕೋ ಕೋಣೇಲಿದ್ದೆ. ಚಿಲಕ ಸರಿ ಮಾಡ್ತಿದ್ದೆ."

"ಒಳಗಡೆಯಿಂದಲೇ?"

"ಒಳಗಡೆಯಿಂದಲೇ. ಸರಿ ಆಯ್ತು ಕಣೇ. ಎಷ್ಟು ಸರಿ ಆಯ್ತು ಅಂದ್ರೆ, ತೆಗೆಯೋಕೆ ಬರಲಿಲ್ಲ."

ಆರಿನ್ ತಟ್ಟೆಯ ಮೇಲೆ ಬಗ್ಗಿ ಕೂತ. ಅವನ ಭುಜ ಅಲುಗುತ್ತಿತ್ತು.

"ಕೂಗ್ಬಾರ್ದಾಗಿತ್ತೇ?"

"ಕೂಗಿ ಕೂಗಿ ಗಂಟಲು ಬಿತ್ತು. ಆಮೇಲೆ, ಚರ್ಚಿಂದ ಬರೋರಿಗಾದ್ರೂ ಕೇಳ್ಲಿ ಅಂತ ಭಜನೆ ಹೇಳೋಕೆ ಶುರುಮಾಡಿದೆ. ಎಲ್ರೂ ಕೇಳಿಸ್ಕೊಂಡ್ರು, ಹಲಗೆ ಸಂದೀಲಿ ನೋಡ್ತಾನೇ ಇದ್ದೆ. ಬೇಲಿ ಹತ್ರ ನಿಂತು, ಟೋಪಿ ತೆಗೆದು, 'ಮುದುಕನಿಗೆ ಈಗ ಭಕ್ತಿ ಬಂದಿದೆ, ಏಕಾಂತ ಕೆಡಿಸಬಾರದು' ಅಂತ ಮೆಲ್ಲಗೆ ಹೊರಟುಹೋದ್ರು!"

ಲೂಯೆಲ್ಲಾ ನಗು ತಡೆಯಲು ಏಪ್ರನ್ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಎಮೆಟ್ ಆರಿನ್ ಕಡೆ ತಿರುಗಿದ.

"ಬರಿ ಇದನ್ನ."

"ಬೇಡ ಭಾವ."

"ಬರಿ ಅಂದ್ರೆ ಬರಿ. ನಾನು ಹೇಳ್ತೀನಿ, ನೀನು ಬರ್ಕೊ. ಒಂದಕ್ಷರ ನಿಂದು ಸೇರಿಸ್ಬೇಡ. ಯಾವ ಜೂಬಲ್ಲೂ ಬೇಡ, ಎಮೆಟ್ ಗ್ರೈಸ್ ಅಂತಲೇ ಹಾಕು."

"ಮೊದ್ಲು ಹೋಗಿ ಮೈ ತೊಳ್ಕೊಳ್ಳಿ," ಎಂದಳು ಲೂಯೆಲ್ಲಾ. "ನಾಯಿಗಳೆಲ್ಲ ಬಾಗಿಲಿಗೆ ಬಂದಿವೆ."

ಎಮೆಟ್ ಮೈ ತೊಳೆಯಲಿಲ್ಲ. ಮೇಜಿನ ಆ ಬದಿ ಕೂತು, ಕೈ ಬೀಸಿ, ನಡುನಡುವೆ ಭಜನೆಯನ್ನೂ ಹಾಡಿ ತೋರಿಸುತ್ತ ಹೇಳತೊಡಗಿದ. ಆರಿನ್ ಪೆನ್ಸಿಲ್ ಚೂಪು ಮಾಡಿಕೊಂಡು, ಭಾವ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡ. ಒಂದು ಕಡೆ ಮಾತ್ರ ತಡೆದು, "ಭಾವ, ಇಲ್ಲಿ ಟೋಪಿ ತೆಗೆದವರಲ್ಲಿ ಮೇಬ್ರಿ ಇದ್ರು ಅಂದ್ರಲ್ಲ, ನಾಳೆ ಅವರ ಮನೆಗೆ ಹೋಗಿ ಓದ್ಬೇಕು," ಎಂದ.

"ಹೋಗೋಣ," ಎಂದ ಎಮೆಟ್. "ನಾನೂ ಬರ್ತೀನಿ. ನೀನು ಓದೋವಾಗ ಅವನ ಮುಖ ನೋಡ್ಬೇಕು ನಾನು."